ಅಳಿಯನ ಮುಂದಿನ ಬಿಲ್ಲೆ

ಸೇಡು ತೀರಿಸಿಕೊಳ್ಳಲು ನಾನು ಆರಿಸಿಕೊಂಡ ಆಟದಲ್ಲಿ ಆಟಗಾರರು ಒಬ್ಬರಿಗೊಬ್ಬರು ಎದುರಾಳಿಗಳೇ ಅಲ್ಲ. ಎಲ್ಲರೂ ಒಂದೇ ಕಡೆ. ಗೆದ್ದರೆ ಎಲ್ಲರೂ ಗೆಲ್ಲುತ್ತಾರೆ, ಸೋತರೆ ಎಲ್ಲರೂ ಸೋಲುತ್ತಾರೆ. ಅಂಥ ಆಟದಲ್ಲಿ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತ ಮನುಷ್ಯನನ್ನು ಕೆಡವುವುದು ಹೇಗೆ ಎಂದು, ಸುರಪುರದ ಬಸ್ಸಿನಲ್ಲಿ ಹೋಗುತ್ತ ಬರುತ್ತ, ಒಂದು ಇಡೀ ಬೇಸಿಗೆ ಯೋಚಿಸಿದ್ದೇನೆ. ಆ ಮನುಷ್ಯ ನನ್ನ ಅಕ್ಕನ ಗಂಡ. ನಾನು ಅವರನ್ನು ಮಾಮಾ ಅನ್ನುತ್ತೇನೆ, ಎದುರಿಗೆ ‘ರೀ’ ಹಚ್ಚಿ ಮಾತಾಡುತ್ತೇನೆ. ಇಲ್ಲಿ ಬರೆಯುವಾಗಲಾದರೂ ಏಕವಚನಕ್ಕೆ ಇಳಿಯೋಣವೆಂದರೆ ಅದಕ್ಕೂ ಧೈರ್ಯ ಬರುತ್ತಿಲ್ಲ. ಎಲ್ಲಿ ಓದಿಬಿಟ್ಟಾರೋ.

ಆಟ ತಂದವನು ನಾನೇ. ಶಹಾಪುರದ ಡಾಕ್ಟರೊಬ್ಬರು ನನ್ನ ಬಿ.ಪಿ. ನೋಡಿ, “ನಿಮಗ ಜಡ್ಡು ಏನೂ ಇಲ್ರಿ, ಬರೇ ಫಿಕರ್ ಅದ. ಮನಸಿಗೆ ಹಗುರ ಆಗುವಂಥದ್ದು ಏನರ ಒಂದು ಹಚಗೋರಿ” ಎಂದಿದ್ದರು. ನಾನು ಸುರಪುರದ ಒಂದು ಕಚೇರಿಯಲ್ಲಿ ಗುಮಾಸ್ತ, ಮನೆ ಶಹಾಪುರದಲ್ಲಿ. ಬಸ್ಸು ತಪ್ಪೀತೆಂದು ಅದಕ್ಕೂ ಹಿಂದಿನ ಬಸ್ಸು ಹತ್ತಿ, ಕಚೇರಿಯ ಬೀಗ ತೆಗೆಯುವ ಮೊದಲೇ ಬಾಗಿಲ ಮುಂದೆ ನಿಲ್ಲುವ ಜಾತಿ. ಮನಸ್ಸು ಹಗುರ ಆಗಲೆಂದು ನಾನು ಮೊಬೈಲಿನಲ್ಲಿ ಹುಡುಕಿ ತರಿಸಿದ್ದು ಏನು? ಪ್ರತಿ ಸಲ ಆಡಿದಾಗಲೂ ಲೋಕ ಮುಳುಗುವ ಸ್ಥಿತಿಗೆ ಬರುವ ಒಂದು ಎಲೆಯಾಟ. ಒಬ್ಬನೇ ಸೋಲುವ ಎದೆಗಾರಿಕೆ ನನಗಿಲ್ಲ. ಎಲ್ಲರೂ ಕೂಡಿ ಸೋಲುವ ಆಟ ಎಂದು ಖಾತ್ರಿಯಾದ ಮೇಲೆಯೇ ತರಿಸಿದೆ.

ಆಟ ಇಷ್ಟು. ಪ್ರತಿಯೊಬ್ಬರೂ ಒಬ್ಬ ಮಹಾಶೂರನನ್ನು ಆರಿಸಿಕೊಳ್ಳಬೇಕು. ಒಬ್ಬನ ಮೈ ಕಲ್ಲು, ಒಬ್ಬನ ಮೈಯೆಲ್ಲ ಬೆಂಕಿ, ಒಬ್ಬಳು ಮುಟ್ಟಿದರೆ ಗಾಯ ಮಾಯುತ್ತದೆ. ದೊಡ್ಡ ರಾಶಿಯಿಂದ ಎಲೆಗಳನ್ನು ಆಯ್ದು ನಮ್ಮ ಶೂರನಿಗೆ ಹೊಂದುವ ಕಟ್ಟೊಂದನ್ನು ಮೊದಲೇ ಕಟ್ಟಿಕೊಂಡು ಬರಬೇಕು. ಕಟ್ಟಿಗೊಂದು ಗುಣ ಇರಬೇಕು. ಸಿಕ್ಕ ಸಿಕ್ಕ ಎಲೆ ತುರುಕಿದರೆ ಅದು ಸಂತೆಚೀಲ, ಕಟ್ಟಲ್ಲ. ಎದುರಿಗೆ ಒಬ್ಬ ರಾಕ್ಷಸ. ಅವನನ್ನು ಆಡಿಸಲು ಯಾರೂ ಬೇಕಿಲ್ಲ. ಅವನದೇ ಬೇರೆ ಕಟ್ಟಿದೆ. ಪ್ರತಿ ಸುತ್ತಿನ ಕೊನೆಗೆ ಅದರ ಮೇಲಿನ ಎಲೆ ತಿರುವಿದರೆ, ಯಾರಿಗೆ ಹೊಡೆಯುತ್ತಾನೆ, ಎಷ್ಟು ಹೊಡೆಯುತ್ತಾನೆ ಎಂದು ಅದರಲ್ಲೇ ಬರೆದಿರುತ್ತದೆ. ಜೀವದ ಲೆಕ್ಕಕ್ಕೆ ಬಂದಿದ್ದ ಪ್ಲಾಸ್ಟಿಕ್ ಗುಂಡಿಗಳು ಎಲ್ಲೆಲ್ಲೋ ಸೇರಿಹೋದ ಮೇಲೆ ನಾವು ತೊಗರಿಕಾಳು ಇಟ್ಟುಕೊಂಡೆವು. ಪೆಟ್ಟು ಬಿದ್ದಷ್ಟು ಕಾಳು ತೆಗೆಯುವುದು, ಕಾಳು ಮುಗಿದರೆ ಸತ್ತಂತೆ. ಒಬ್ಬರು ಸತ್ತರೂ ಉಳಿದವರು ಆಡಿ ರಾಕ್ಷಸನನ್ನು ಕೆಡವಿದರೆ ಗೆಲುವು.

ಆಡುವವರು ಮೂವರು: ನಾನು, ಅಕ್ಕ, ಮಾಮಾ. ಅವರಿಬ್ಬರ ಮನೆ ಯಾದಗಿರಿಯಲ್ಲಿ. ಮಾಮಾ ಕಡೇಚೂರಿನ ಕಾರ್ಖಾನೆಯೊಂದರಲ್ಲಿ ಪಾಳಿಯ ಸೂಪರ್‌ವೈಸರ್. ಬಿಡುವಿದ್ದ ರವಿವಾರ ನಮ್ಮ ಮನೆಗೆ ಬರುತ್ತಾರೆ, ಊಟವಾದ ಮೇಲೆ ಜಮಖಾನ ಹಾಸಿ ಆಟ. ಎಲೆ ಹಾರುತ್ತವೆಂದು ಫ್ಯಾನ್ ಬಂದ್ ಮಾಡಿ, ನಮ್ಮ ಕಡೆಯ ಏಪ್ರಿಲ್ ತಿಂಗಳಲ್ಲಿ ಬೆವರು ಒರೆಸಿಕೊಳ್ಳುತ್ತ ಲೋಕವನ್ನು ಕಾಪಾಡುವುದು.

ಪೆಟ್ಟಿಗೆಯಲ್ಲಿ ದಪ್ಪ ರಟ್ಟಿನ ಒಂದು ಬಿಲ್ಲೆ ಇತ್ತು. ಬಿಲ್ಲೆ ಯಾರ ಮುಂದಿದೆಯೋ ಅವರು ಮೊದಲ ಆಟಗಾರ. ಒಂದು ಸುತ್ತು ಮುಗಿದ ಕೂಡಲೇ ಅದನ್ನು ಎಡಗಡೆಯವರಿಗೆ ದಾಟಿಸಬೇಕೆಂದು ನಿಯಮ. ಮೊದಲ ದಿನ ಬಿಲ್ಲೆ ತಾನಾಗಿ ಮಾಮಾನವರ ಮುಂದೆ ಕೂತಿತು. ಮನೆಯ ಅಳಿಯ ಇರುವಾಗ ಇನ್ನಾರ ಮುಂದೆ ಕೂತೀತು? ಸುತ್ತು ಮುಗಿಯಿತು. ಅಕ್ಕನಿಗೆ ದಾಟಿಸಲು ನಾನು ಕೈ ಚಾಚಿದೆ. ಅಡುಗೆಮನೆಯ ಬಾಗಿಲ ಮರೆಯಲ್ಲಿ ಅವ್ವ ಕೂತಿದ್ದಳು. ಅಳಿಯನ ಎದುರಿಗೆ ಅವಳು ಸೆರಗು ಹೊದ್ದು ಮರೆಯಲ್ಲೇ ಕೂರುತ್ತಾಳೆ. ಅವರಿಗೆ ಏನು ಹೇಳುವುದಿದ್ದರೂ ನಮಗೆ ಹೇಳುತ್ತಾಳೆ.

“ಅದನ್ಯಾಕ ಎತ್ತಾಕತ್ತಿಯೋ?”

“ಈಗ ಅಕ್ಕನ ಪಾಳಿ ಅವ್ವಾ. ಪುಸ್ತಕದಾಗ ಹಂಗ ಅದ.”

“ಪುಸ್ತಕ ಸುಡು. ಅಳಿಯನ ಮುಂದ ಇಟ್ಟದ್ದು ಎತ್ತಿ ಮಗಳ ಮುಂದ ಇಡ್ತಾರೇನು? ಬಡಿಸಿದ ತಾಟು ಕಸಗೊಂಡಂಗ ಆತು. ಇರ್ಲಿ ಅಲ್ಲೇ.”

“ಇರ್ಲಿ ಬಿಡೋ, ಹಿರೇರು ಅಂತಾರ” ಎಂದು ಮಾಮಾ ಬಿಲ್ಲೆಯನ್ನು ತಮ್ಮ ಮೊಣಕಾಲಿನ ಕಡೆ ಇನ್ನಷ್ಟು ಎಳೆದುಕೊಂಡರು. ಅಂದಿನಿಂದ ಅದು ಅಲ್ಲಿಂದ ಅಲುಗಿರಲಿಲ್ಲ. ಊಟಕ್ಕೆ ಮೊದಲ ಮಣೆ, ಮೊದಲ ಹೋಳಿಗೆ, ಮೊದಲ ತುಪ್ಪ ಹೇಗೋ ಹಾಗೆ ಬಿಲ್ಲೆಯೂ ಅಳಿಯನದೇ ಆಯಿತು.

ಇದರಿಂದ ಆದದ್ದು ಇಷ್ಟು. ರಾಕ್ಷಸನ ಎಲೆಗಳಲ್ಲಿ ಬಹಳಷ್ಟು ‘ಮೊದಲ ಆಟಗಾರನಿಗೆ’ ಎಂದೇ ಬೀಳುವ ಹೊಡೆತಗಳು. ಬಿಲ್ಲೆ ಸುತ್ತುತ್ತಿದ್ದರೆ ಎಲ್ಲರಿಗೂ ಹಂಚಿಹೋಗುತ್ತಿದ್ದವು. ನಮ್ಮಲ್ಲಿ ಎಲ್ಲವೂ ಮಾಮಾನವರಿಗೆ. ಅವರಿಗೆ ಅದೇ ಒಂದು ದೊಡ್ಡಸ್ತಿಕೆ. “ನಾ ಮುಂದ ನಿಂತೀನಿ, ನೀವು ಹಿಂದಿನಿಂದ ಕೊಡ್ರಿ ಸಾಕು” ಎನ್ನುತ್ತ ಕಾರ್ಖಾನೆಯ ಪಾಳಿಯನ್ನೇ ಜಮಖಾನದ ಮೇಲೆ ತಂದರು. ಅಕ್ಕ ಮದ್ದಿನ ಎಲೆ ಹಿಡಿಯಬೇಕು, ಅವರ ಗಾಯಕ್ಕೆ ಹಚ್ಚಬೇಕು. ನಾನು ಗುರಾಣಿಯ ಎಲೆ ಹಿಡಿಯಬೇಕು, ಅವರಿಗೆ ಅಡ್ಡ ಇಡಬೇಕು. ಬೆಂಕಿ, ಸಿಡಿಲು, ರಾಕ್ಷಸನ ತಲೆಗೆ ಕೊನೆಯ ಪೆಟ್ಟು ಎಲ್ಲ ಅವರದು. ನಾನು ಯೋಚಿಸುತ್ತ ತಡಮಾಡಿದರೆ ಕೈ ಚಾಚಿ ನನ್ನ ಕೈಯಲ್ಲಿನ ಎಲೆಯನ್ನೇ ಎಳೆದು ಇಳಿಸಿಬಿಡುತ್ತಿದ್ದರು. “ಫಿಕರ್ ಮಾಡಬ್ಯಾಡೋ ಸಾಹೇಬಾ, ಜಲ್ದಿ ಆಡು.”

ಒಂದು ಸಲ ಹಾಗೆಯೇ ನನ್ನ ಒಳ್ಳೆಯ ಗುರಾಣಿಯನ್ನು ಆಟದ ಮೊದಲಿಗೇ ಎಳೆದು, ಸಣ್ಣದೊಂದು ಏಟಿಗೆ ಖರ್ಚು ಮಾಡಿದರು. ಅದನ್ನು ನಾನು ಕೊನೆಗೆಂದು ಇಟ್ಟುಕೊಂಡಿದ್ದೆ. ಕೊನೆಗೆ ರಾಕ್ಷಸನ ದೊಡ್ಡ ಪೆಟ್ಟು ಬಂದಾಗ ಅಡ್ಡ ಇಡಲು ಏನೂ ಉಳಿದಿರಲಿಲ್ಲ. ಸೋತೆವು. ಆಟವೇ ತಾನೆ, ನಾನು ಎಲೆ ಎತ್ತಿಟ್ಟೆ.

ಅದಾದ ಮೇಲೆ ಶಿರವಾಳದಲ್ಲಿ ಬೀಗರ ಮನೆಯ ಕೂಸಿನ ಜಾವಳ. ಊಟ ಮುಗಿಸಿ ಗಂಡಸರೆಲ್ಲ ಪೆಂಡಾಲಿನ ನೆರಳಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು. ಮಾತಿಗೆ ಮಾತು ಬಂದು ಮಾಮಾ ಶುರು ಮಾಡಿದರು.

“ನಮ್ಮ ಈ ಭಾವಮೈದ ಇದಾನಲ್ರಿ, ಇವಗ ಕಾಗದದ ರಾಕ್ಷಸ ಬಂದ್ರೂ ಎದಿ ಒಡೀತದ. ಎಲಿ ಹಿಂಗ ಅವಚಿಕೊಂಡು ಕುಂದರತಾನ, ಕೋಳಿ ತತ್ತಿ ಮ್ಯಾಲ ಕುಂತಂಗ. ಮೊನ್ನಿ ಗೆಲ್ಲೋ ಆಟ ಇವನಿಂದ ಸೋತ್ವಿ.”

ಪೆಂಡಾಲಿಗೆ ಪೆಂಡಾಲೇ ನಕ್ಕಿತು. ಹಿರಿಯರೊಬ್ಬರು ನನ್ನ ಬೆನ್ನು ತಟ್ಟಿ, “ಹೌದೇನೋ? ತತ್ತಿ ಎಷ್ಟು ಇಟ್ಟಿ?” ಎಂದರು. ಅಳಿಯನ ಮಾತಿಗೆ ಎದುರಾಡುವ ಪದ್ಧತಿ ನಮ್ಮಲ್ಲಿಲ್ಲ. ಅದೂ ಬೀಗರ ಅಂಗಳದಲ್ಲಿ. ನಾನೂ ನಕ್ಕೆ. ಆ ನನ್ನ ನಗು ನೆನೆದರೆ ಈಗಲೂ ಹಲ್ಲು ಕಡಿಯುತ್ತೇನೆ. ಮುಂದೆ ಶಹಾಪುರದ ಬಸ್‌ಸ್ಟ್ಯಾಂಡಿನಲ್ಲಿ ಕಂಡ ನೆಂಟರೆಲ್ಲ, “ಏನ್ರಿ, ಕಾಗದದ ರಾಕ್ಷಸ ಹಿಂದಿನ ಬಸ್ಸಿಗೆ ಬರಾಕತ್ತಾನೇನು?” ಎನ್ನತೊಡಗಿದರು.

ನನಗೆ ಬೇಕಾದದ್ದು ಹೆಚ್ಚೇನಲ್ಲ. ಒಂದೇ ಒಂದು ಸಲ, ನಮ್ಮದೇ ಮನೆಯ ಜಮಖಾನದ ಮೇಲೆ, ಮಾಮಾ ಬಿದ್ದು ಬಾಯಿ ಮುಚ್ಚಿಕೊಂಡು ಕೂರಬೇಕು. ಅವರಿಲ್ಲದೆ ನಾವು ಗೆಲ್ಲುವುದನ್ನು ಕಣ್ಣಾರೆ ನೋಡಬೇಕು. ಬರೀ ಬಿದ್ದರೆ ಸಾಲದು. ಅವರು ಬಿದ್ದು ನಾವೂ ಸೋತರೆ, ‘ನಾ ಇಲ್ಲಂದ್ರ ನೋಡ್ರಿ’ ಎಂಬ ಹೊಸ ಕಥೆ ಯಾದಗಿರಿಯವರೆಗೂ ಹೋಗುತ್ತದೆ.

ಸುರಪುರದ ಕಚೇರಿಯಲ್ಲಿ ಊಟದ ಹೊತ್ತಿಗೆ ಬುತ್ತಿ ಬಿಚ್ಚಿ, ಜೊತೆಗೆ ಆಟದ ನಿಯಮದ ಪುಸ್ತಕವನ್ನೂ ಬಿಚ್ಚುತ್ತಿದ್ದೆ. ಚಿಂತೆಯ ಮನುಷ್ಯ ನಿಯಮಗಳನ್ನು ಓದುವುದು ಬೇರೆಯವರು ಪತ್ತೇದಾರಿ ಕಾದಂಬರಿ ಓದಿದಂತೆ. ಅಲ್ಲಿ ಬಿಲ್ಲೆಯ ಮಾತು ಮತ್ತೆ ಕಂಡಿತು. ಮೊದಲು ಅನ್ನಿಸಿದ್ದು, ತಪ್ಪು ಆಡುತ್ತಿದ್ದೇವೆ, ಈ ರವಿವಾರ ಸರಿಪಡಿಸಬೇಕು ಎಂದು. ರೊಟ್ಟಿಯ ತುಂಡು ಬಾಯಿಗಿಡುವಷ್ಟರಲ್ಲಿ ಇನ್ನೊಂದು ಹೊಳೆಯಿತು. ಸರಿಪಡಿಸುವುದು ಯಾಕೆ? ಬಿಲ್ಲೆ ಅಲ್ಲೇ ಇರಲಿ. ಅಳಿಯನಿಗೆ ಸಲ್ಲುವ ಮರ್ಯಾದೆಯನ್ನು ಇನ್ನೂ ಹೆಚ್ಚು ಮಾಡಿದರೆ?

ಮುಂದಿನ ರಜೆಯ ಮಧ್ಯಾಹ್ನ ಇಡೀ ರಾಶಿಯನ್ನು ಜಮಖಾನದ ಮೇಲೆ ಹರಡಿದೆ. ನಾವು ಒಮ್ಮೆಯೂ ಮುಟ್ಟದ ಒಂದು ಜಾತಿಯ ಎಲೆಗಳಿದ್ದವು. ಒಂದು ಎಲೆ ಹೇಳುತ್ತದೆ: ರಾಕ್ಷಸ ಮೊದಲ ಆಟಗಾರನಿಗೆ ಇನ್ನೊಂದು ಏಟು ಹಾಕಲಿ, ಅದಕ್ಕೆ ಬದಲು ಉಳಿದವರು ಹೊಸ ಎಲೆ ಎಳೆದುಕೊಳ್ಳಲಿ. ಇನ್ನೊಂದು ಹೇಳುತ್ತದೆ: ನಿನಗೆ ಬಂದ ಪೆಟ್ಟನ್ನು ಮೊದಲ ಆಟಗಾರನಿಗೆ ದಾಟಿಸು. ಬಿಲ್ಲೆ ಸುತ್ತುವ ಮನೆಗಳಲ್ಲಿ ಇವು ನ್ಯಾಯದ ಎಲೆಗಳು. ಇಂದು ನೀನು ಹೊರು, ನಾಳೆ ನಾನು ಹೊರುವೆ ಎಂಬ ಒಪ್ಪಂದ. ಬಿಲ್ಲೆ ಗೂಟ ಹೊಡೆದಂತೆ ಕೂತ ನಮ್ಮ ಮನೆಯಲ್ಲಿ ಇವು ಶುದ್ಧ ವಿಷ. ನನ್ನ ಕಲ್ಲಿನ ಮೈಯ ಶೂರನಿಗೆ ಇನ್ನೊಂದು ಗುಣವಿತ್ತು. ಜೊತೆಯವನಿಗೆ ಪೆಟ್ಟು ಬಿದ್ದಾಗಲೆಲ್ಲ ಇವನ ಬಲ ಏರುತ್ತದೆ. ಆಟ ಮಾಡಿದವರು ಅದನ್ನು ಗೆಳೆತನ ಅಂದುಕೊಂಡಿರಬೇಕು. ಪಾಪ, ಅವರಿಗೆ ಅಕ್ಕನ ಗಂಡಂದಿರಿಲ್ಲ.

ಕಟ್ಟಿಗೆ ಗುಣ ಸಿಕ್ಕಿತು: ಮರ್ಯಾದೆ. ಪ್ರತಿ ಎಲೆಯೂ ‘ನೀವು ಮುಂದೆ ಬನ್ನಿ’ ಎನ್ನಬೇಕು. ಕಷ್ಟವಾದದ್ದು ಹೊಸ ಎಲೆ ಸೇರಿಸುವುದಲ್ಲ, ಹಳೆಯ ಗುರಾಣಿಗಳನ್ನು ತೆಗೆಯುವುದು. ಮೋಡವಿಲ್ಲದ ದಿನವೂ ಛತ್ರಿ ಹಿಡಿಯುವವನು ನಾನು. ಒಂದು ಗುರಾಣಿ ತೆಗೆಯುವೆ, ಇರಲಿ ಎಂದು ಮತ್ತೆ ಇಡುವೆ. ಪೆಂಡಾಲಿನ ನಗು ನೆನಪಾಗುತ್ತದೆ, ಮತ್ತೆ ತೆಗೆಯುವೆ. ಕೊನೆಗೆ ಒಂದೂ ಉಳಿಯಲಿಲ್ಲ.

ಕಟ್ಟನ್ನು ಪರೀಕ್ಷೆ ಮಾಡಬೇಕಲ್ಲ. ಒಬ್ಬನೇ ಕೂತು ನನ್ನ ಕೈಯನ್ನೂ ಆಡಿದೆ, ಎದ್ದುಹೋಗಿ ಮಾಮಾನವರ ಜಾಗದಲ್ಲಿ ಕೂತು ಅವರ ಕೈಯನ್ನೂ ಆಡಿದೆ. ಅವರು ಹೇಗೆ ಆಡುತ್ತಾರೋ ಹಾಗೆಯೇ, ಎದೆ ಮುಂದೆ ಮಾಡಿ. “ಫಿಕರ್ ಮಾಡಬ್ಯಾಡೋ ಸಾಹೇಬಾ” ಎಂದು ಅವರ ದನಿಯಲ್ಲಿ ನನಗೆ ನಾನೇ ಹೇಳಿಕೊಂಡೆ. ಅವರ ಕೊನೆಯ ತೊಗರಿಕಾಳು ತೆಗೆದಾಗ ನನಗರಿವಿಲ್ಲದೆ ತೊಡೆ ತಟ್ಟಿ, “ಬಿತ್ತು ನೋಡು ಹೆಣ!” ಎಂದುಬಿಟ್ಟೆ. ಹೆಂಡತಿ ಕಸಬರಿಗೆ ಹಿಡಿದುಕೊಂಡು ಬಂದು ನಿಂತಳು.

“ಯಾರದ್ರಿ ಹೆಣ?”

“ಯಾರದೂ ಇಲ್ಲ. ರಾಕ್ಷಸಂದು.”

“ರಾಕ್ಷಸ ಆ ಕಡಿ ಕುಂತಾನ. ನೀವು ಕಾಳು ತಗದಿದ್ದು ನಿಮ್ಮ ಮಾಮಾನ ಜಾಗದಾಗಿಂದು.” “ಶಿರವಾಳದ್ದು ಇನ್ನಾ ಇಳಿದಿಲ್ಲಲ್ಲ ನಿಮಗ?”

“ಅದೆಲ್ಲಾ ಯಾವಾಗೋ ಮರತೀನಿ.”

“ಮರತೋರ ಮಾರಿ ಹಿಂಗ ಇರ್ತದೇನು? ಕನ್ನಡ್ಯಾಗ ನೋಡ್ಕೋರಿ” ಎಂದು ಕಸ ಹೊಡೆಯುತ್ತ ಹೋದಳು.

ಆ ವಾರವೆಲ್ಲ ಬೇರೆ ಬೇರೆ ಚಿಂತೆಗಳು. ಮಾಮಾ ಕಟ್ಟು ತೋರಿಸು ಎಂದರೆ? ಬಿದ್ದ ಸಿಟ್ಟಿಗೆ ಎದ್ದು ಹೋದರೆ? ಆ ಸಿಟ್ಟನ್ನು ಯಾದಗಿರಿಗೆ ಒಯ್ದು ಅಕ್ಕನ ಮೇಲೆ ತೀರಿಸಿದರೆ? ಅಕ್ಕ ಅವರ ಗಾಯಕ್ಕೆ ಮದ್ದು ಹಚ್ಚುತ್ತಲೇ ಇದ್ದರೆ ಅವರು ಬೀಳುವುದಾದರೂ ಯಾವಾಗ? ಚಿಂತೆ ಮಾಡಬಹುದಾದ ಎಲ್ಲವನ್ನೂ ಮಾಡಿ ಮುಗಿಸಿದ್ದೇನೆ ಅಂದುಕೊಂಡಿದ್ದೆ.

ರವಿವಾರ ಬಂದರು. ಊಟವಾಯಿತು. ಅವ್ವ ಬಾಗಿಲ ಮರೆಯಲ್ಲಿ ಕೂತಳು. ಬಿಲ್ಲೆಯನ್ನು ನಾನೇ ಒಯ್ದು ಮಾಮಾನವರ ಮುಂದಿಟ್ಟು, ಎಂದೂ ಅಕ್ಕ ಕೂರುವ ಅವರ ಎಡಮಗ್ಗುಲಲ್ಲಿ ಅಂದು ನಾನು ಕೂತೆ.

ಮೊದಲ ಮರ್ಯಾದೆಯ ಎಲೆ ಇಳಿಸಿದೆ. ಮಾಮಾನವರಿಗೆ ಒಂದು ಏಟು. ನನಗೂ ಅಕ್ಕನಿಗೂ ಹೊಸ ಎಲೆ.

“ಇದೇನೋ ಹೊಸಾದು?”

“ನಿಮ್ಮನ್ನ ಮುಂದ ಮಾಡೋದು ಮಾಮಾ. ಹೊಡತ ತಡಕೊಳ್ಳೋ ತಾಕತ್ತು ನಿಮಗೇ ಅದ.”

“ಈಗ ಶಾಣ್ಯಾ ಆದಿ ನೋಡು” ಎಂದು ಮೀಸೆ ಮೇಲೆ ಕೈ ಇಟ್ಟರು. ಇನ್ನೊಂದು ಇಳಿಸಿದೆ. ನನಗೆ ಬಂದ ಪೆಟ್ಟೂ ಅವರಿಗೆ ಹೋಯಿತು. ರಾಕ್ಷಸನ ಕಟ್ಟಿನಿಂದಲೂ ‘ಮೊದಲ ಆಟಗಾರನಿಗೆ’ ಎಂಬುದೇ ಬಂತು. ತೊಗರಿಕಾಳು ಕರಗುತ್ತ ಬಂದಂತೆ ಅವರ ಕೈ ಮೀಸೆಯಿಂದ ಇಳಿಯಿತು.

“ಗುರಾಣಿ ಇಡೋ.”

“ಬಂದಿಲ್ರಿ ಮಾಮಾ.”

“ಹ್ಯಾಂಗ ಬರಂಗಿಲ್ಲ? ಅರ್ಧ ಕಟ್ಟು ಅದೇ ಇತ್ತಲ್ಲ ನಿಂದು!” ನನ್ನ ಕೈಯತ್ತ ಚಾಚಿದರು. ಜನ್ಮದಲ್ಲಿ ಮೊದಲ ಸಲ ಕೈ ಹಿಂದಕ್ಕೆ ಎಳೆದುಕೊಂಡೆ. ಅವರು ಅಕ್ಕನ ಕಡೆ ತಿರುಗಿದರು. “ಏ, ಮದ್ದು ತಗಿ. ಜಲ್ದಿ.”

ಅಕ್ಕ ಕೈಯಲ್ಲಿನ ಎಲೆಗಳನ್ನು ಒಂದೊಂದಾಗಿ ನೋಡಿದಳು. ಅವಸರವಿಲ್ಲದೆ, ಸಂತೆಯಲ್ಲಿ ಬದನೆಕಾಯಿ ಆರಿಸುವವಳ ಹಾಗೆ.

“ಇಲ್ರಿ.”

“ಇಲ್ಲ ಅಂದ್ರ?”

“ಇಲ್ಲ ಅಂದ್ರ ಇಲ್ಲ. ಮದ್ದಿನ ಎಲಿ ಎಲ್ಲಾ ತಗದು ಪೆಟ್ಟಿಗ್ಯಾಗ ಇಟ್ಟೀನಿ. ನಿಮಗ ಹಚ್ಚಿ ಹಚ್ಚಿ ಸಾಕಾಗ್ಯದ. ಗಾಯ ಮಾಯಿಸೋ ನನ್ನಾಕಿಗೂ ಕೈಕಾಲು ಅದಾವಲ್ಲ, ಒಂದು ದಿನ ಹೊಡದು ನೋಡ್ಲಿ ಅಂತ ಬಿಟ್ಟೆ.”

ನಾನು ಅಕ್ಕನನ್ನೇ ನೋಡಿದೆ. ಅವಳು ನನ್ನ ಕಡೆ ನೋಡಲಿಲ್ಲ. ಶಿರವಾಳದ ಪೆಂಡಾಲಿನಲ್ಲಿ ನನ್ನ ಮೇಲೆ ಬಿದ್ದದ್ದು ಒಂದು ಮಧ್ಯಾಹ್ನದ ಮಾತು. ಇವಳು ಮದುವೆಯಾದಂದಿನಿಂದ ಆ ಪಾಳಿಯಲ್ಲೇ ಇದ್ದಾಳೆ. ಅವಳಲ್ಲೂ ಒಂದು ಕಟ್ಟು ಇದ್ದೀತು ಎಂದು ನನಗೆ ಹೊಳೆದೇ ಇರಲಿಲ್ಲ.

ಮುಂದಿನ ಏಟಿಗೆ ಮಾಮಾ ಬಿದ್ದರು. ಕೊನೆಯ ಕಾಳನ್ನು ತೆಗೆದವನು ನಾನು. ಅದನ್ನು ಬೆರಳಲ್ಲಿ ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದೆ. ನಿಯಮದ ಪ್ರಕಾರ ಬಿದ್ದವನ ಎಲೆಗಳನ್ನು ಬದಿಗೆ ಸರಿಸಬೇಕು, ಬಿಲ್ಲೆ ಅವನ ಎಡಗಡೆಯವರಿಗೆ ಹೋಗಬೇಕು. ಅಕ್ಕ ಅದನ್ನೆತ್ತಿ ನನ್ನ ಮುಂದೆ ಇಟ್ಟಳು. ಆಗ ನನಗೆ ತಿಳಿಯಿತು. ಇಡೀ ಬೇಸಿಗೆ ಎಲ್ಲದರ ಚಿಂತೆ ಮಾಡಿದವನು ಇದೊಂದನ್ನು ಬಿಟ್ಟಿದ್ದೆ. ಈಗ ಮೊದಲ ಆಟಗಾರ ನಾನು. ಕೈತುಂಬ ಇರುವುದು ಮೊದಲ ಆಟಗಾರನನ್ನು ಹೊಡೆಸುವ ಎಲೆಗಳು. ಒಂದು ಗುರಾಣಿಯೂ ಇಲ್ಲ.

“ನಾ ಹೇಳ್ತೀನಿ ಕೇಳ್ರಿ” ಎಂದು ಮಾಮಾ ಬದಿಯಿಂದ ಬಾಗಿದರು. “ಈಗ ಏನ್ ಮಾಡ್ರಿ ಅಂದ್ರ—”

“ಸತ್ತೋರು ಮಾತಾಡಂಗಿಲ್ರಿ” ಎಂದಳು ಅಕ್ಕ. “ನೀವೇ ಮಾಡಿದ ಕಾಯ್ದೆ.”

ಅದು ಖರೆ. ನಾನು ಮೊದಲು ಬಿದ್ದ ಆಟಗಳಲ್ಲಿ ನನ್ನ ಬಾಯಿ ಮುಚ್ಚಿಸಲು ಅವರೇ ಮಾಡಿದ್ದು. ಅವರ ಬಾಯಿ ತೆರೆದದ್ದು ತೆರೆದಂತೆಯೇ ನಿಂತಿತು. ಬಾಗಿಲ ಮರೆಯಿಂದ ಅವ್ವ ಕೆಮ್ಮಿದಳು.

“ತಮ್ಮಾ, ಕೈಯಾಗಿನದೆಲ್ಲಾ ಇಳಸು.”

“ಅಕ್ಕಾ, ನಾ ಸಾಯ್ತೀನಿ.”

“ಸಾಯಂಗಿಲ್ಲ. ನಿನ್ನ ಒಂದೊಂದು ಎಲಿಗೂ ನನಗ ಹೊಸಾ ಎಲಿ ಬರ್ತದ. ಇಳಸು ಅಂದ್ನಲ್ಲ.”

ಕಣ್ಣು ಮುಚ್ಚಿಕೊಂಡು ಇಳಿಸಿದೆ. ಒಂದೊಂದಕ್ಕೂ ರಾಕ್ಷಸ ನನಗೆ ಬಾರಿಸಿದ. ಕಾಳು ಒಂದೊಂದಾಗಿ ಹೋದವು. ಒಂದೊಂದಕ್ಕೂ ಅಕ್ಕ ಎಲೆ ಎಳೆದುಕೊಂಡಳು. ನನ್ನ ಮುಂದೆ ಒಂದೇ ಒಂದು ತೊಗರಿಕಾಳು ಉಳಿದಾಗ ಅವಳು ಕೈಯಲ್ಲಿನ ಎಲೆಗಳನ್ನು ಜಮಖಾನದ ಮೇಲೆ ಸಾಲಾಗಿ ಹಾಸಿದಳು. ಹೊಡೆತದ ಮೇಲೆ ಹೊಡೆತ. ಇಷ್ಟು ದಿನ ಬೇರೆಯವರ ಗಾಯ ಒರೆಸಿಕೊಂಡಿದ್ದವಳು ಆ ರಾಕ್ಷಸನನ್ನು ಹೊಡೆದ ಪರಿ ನೋಡಿ ನನಗೆ ರಾಕ್ಷಸನ ಮೇಲೆಯೇ ಒಂದಿಷ್ಟು ಮರುಕ ಹುಟ್ಟಿತು.

“ಮುಗೀತು” ಎಂದು ಅವಳು ತನ್ನ ಕಟ್ಟನ್ನು ಎತ್ತಿ ರಬ್ಬರ್ ಹಾಕಿ ತೊಡೆಯ ಕೆಳಗೆ ಇಟ್ಟುಕೊಂಡಳು.

ಮಾಮಾ ಕೈ ಚಾಚಿ ನನ್ನ ಕಟ್ಟನ್ನು ತೆಗೆದುಕೊಂಡರು. ಒಂದೊಂದೇ ಎಲೆ ತಿರುವಿ ತುಟಿ ಅಲುಗಿಸುತ್ತ ಓದಿದರು. ಮೊದಲ ಆಟಗಾರನಿಗೆ. ಮೊದಲ ಆಟಗಾರನಿಗೆ. ಮೊದಲ ಆಟಗಾರನಿಗೆ. ನನ್ನ ಬಿ.ಪಿ. ಏರುವುದು ನನಗೇ ಕೇಳಿಸುತ್ತಿತ್ತು. ಆದರೂ ಅವರ ಮುಖದಿಂದ ಕಣ್ಣು ತೆಗೆಯಲು ಮನಸ್ಸಾಗಲಿಲ್ಲ. ಅಂಥ ನೋಟ ನನಗೆ ಮತ್ತೆ ಯಾವಾಗ ಸಿಕ್ಕೀತು?

“ಇದನ್ನ ನೀನಽ ಕಟ್ಟಿದ್ದಾ?”

“ಹೌದ್ರಿ ಮಾಮಾ.”

“ಖಾಲಿ ಕುಂತು ಕಟ್ಟಿದ್ದಲ್ಲ ಇದು.” ಎಲೆಗಳನ್ನು ಜೋಡಿಸಿ ನನಗೆ ಮರಳಿಸಿದರು. ಆಮೇಲೆ ಬಿಲ್ಲೆಯನ್ನು ನೋಡಿದರು; ಅದು ಇನ್ನೂ ನನ್ನ ಮುಂದೆಯೇ ಇತ್ತು. “ಇನ್ನೊಂದು ಆಟ ಆಗ್ಲಿ. ಆದರ ಈ ಸಲ ಪುಸ್ತಕದಾಗ ಇದ್ದಂಗ, ಬಿಲ್ಲೆ ದಾಟಿಸ್ಕೋತ ಹೋಗೋಣ. ನೀ ಮೊದಲ ಆಡು” ಎಂದರು.

ಅಡುಗೆಮನೆಯ ಬಾಗಿಲಲ್ಲಿ ಬಳೆಯ ಸದ್ದಾಯಿತು.

“ಅವರಿಗೆ ಹೇಳೋ” ಎಂದಳು ಅವ್ವ. “ಸೋತ್ರೇನಾತು, ಮನಿ ಅಳಿಯ ಅಳಿಯನೇ. ಒಂದು ಆಟದಾಗ ಬಿದ್ರು ಅಂತ ನಾವು ಮರ್ಯಾದಿ ಕಮ್ಮಿ ಮಾಡೋ ಮಂದಿ ಅಲ್ಲ. ಎತ್ತಿ ಇಡು ಅವರ ಮುಂದ.”

ಮಾಮಾ ಬಾಗಿಲ ಕಡೆ ನೋಡಿದರು, ಅಕ್ಕನ ಕಡೆ ನೋಡಿದರು. ಅತ್ತೆಯ ಮಾತಿಗೆ ಅಳಿಯನೂ ಎದುರಾಡುವಂತಿಲ್ಲ. ನಾನು ಬಿಲ್ಲೆಯನ್ನು ಎರಡೂ ಕೈಯಲ್ಲಿ ಹಿಡಿದು, ತಲೆ ತಗ್ಗಿಸಿ, ಅವರ ಮೊಣಕಾಲಿಗೆ ತಾಗುವಷ್ಟು ಹತ್ತಿರ ಇಟ್ಟೆ.

ಅಕ್ಕ ರಾಕ್ಷಸನ ಕಟ್ಟನ್ನು ಕಲೆಸತೊಡಗಿದಳು. “ಬರೋಬರಿ ಕುಂದರ್ರಿ” ಎಂದಳು ಗಂಡನಿಗೆ. “ಬಸ್ಸಿಗೆ ಇನ್ನಾ ಬೇಕಾದಷ್ಟು ಹೊತ್ತದ.”